ಮುತ್ತಜ್ಜ ಬಡಿಯದ ಕತ್ತಿ

ನನ್ನ ಮದುವೆಯ ಮಾರನೆಯ ದಿನ ಬೀಗರ ಊಟ ಮುಗಿದು, ಇನ್ನೂ ಎಲೆ ತೆಗೆಯುತ್ತಿದ್ದರು. ಅಷ್ಟರಲ್ಲಿ ನಮ್ಮ ಮಾವ ಒಳಗಿನಿಂದ ಒಂದು ಉದ್ದನೆಯ ಮರದ ಪೆಟ್ಟಿಗೆ ತರಿಸಿದರು. ಅದರಲ್ಲಿ ಕೆಂಪು ಬಟ್ಟೆ ಸುತ್ತಿದ ಒಂದು ಕತ್ತಿ ಇತ್ತು. ಹಲಸೂರಿನಲ್ಲಿ ಆ ಮನೆಗೆ ಕತ್ತಿಯವರ ಮನೆ ಎಂದೇ ಹೆಸರು. ಮಾವನ ಮುತ್ತಜ್ಜ ಯಾರೋ ಪಾಳೆಯಗಾರನಿಗಾಗಿ ಆ ಕತ್ತಿಯನ್ನು ತನ್ನ ಕೈಯಾರೆ ಬಡಿದು ಮಾಡಿದನಂತೆ. ಪಾಳೆಯಗಾರ ತೀರಿಕೊಂಡ ಮೇಲೆ ಅದು ಮಾಡಿದವನ ಮನೆಗೇ ತಿರುಗಿ ಬಂತಂತೆ. ಮಾವ ಈ ಕಥೆ ಹೇಳುತ್ತ ಹೇಳುತ್ತ ಕತ್ತಿಯನ್ನು ನೆಂಟರ ಕೈಯಿಂದ ಕೈಗೆ ದಾಟಿಸಿದರು. ಕೊನೆಗೆ ಅದು ನನ್ನ ಅಪ್ಪನ ಕೈಗೆ ಬಂತು.

ಅಪ್ಪ ಕೃಷ್ಣರಾಜಪುರದ ಆಚೆ ಒಂದು ಹಳ್ಳಿಯಲ್ಲಿ ಕುಲುಮೆ ಇಟ್ಟುಕೊಂಡಿದ್ದ. ನೇಗಿಲಿಗೆ ಕುಳ, ಕುಡುಗೋಲು, ಗುದ್ದಲಿ ಮಾಡುತ್ತಿದ್ದ. ಓದು ಬರಹ ಬಾರದು, ಕಬ್ಬಿಣ ಬಿಟ್ಟರೆ ಬೇರೆ ಮಾತೂ ಬಾರದು. ಅವನು ಕತ್ತಿಯ ಅಲಗನ್ನು ಉಗುರಿನಿಂದ ತಟ್ಟಿ, ಕಿವಿಗೆ ಹಿಡಿದು, ಹೆಬ್ಬೆರಳಿನಿಂದ ಉದ್ದಕ್ಕೂ ಸವರಿದ.

“ಚೆನ್ನಾಗೈತೆ ಬೀಗರೆ,” ಅಂದ. “ಆದ್ರೆ ಈ ಕಬ್ಬಿಣ ನಮ್ಮ ಕಡೇದಲ್ಲ. ಇದನ್ನ ಬಡಿದೋನು ನಮ್ಮೋನೂ ಅಲ್ಲ.”

ಎಲೆ ತೆಗೆಯುತ್ತಿದ್ದವರು ಕೂಡ ನಿಂತುಬಿಟ್ಟರು. ಮಾವ ಕತ್ತಿಯನ್ನು ಅವನ ಕೈಯಿಂದ ಕಿತ್ತುಕೊಂಡು ಪೆಟ್ಟಿಗೆಗೆ ಹಾಕಿದರು. ಆ ಹೊತ್ತು ಒಂದು ಮಾತೂ ಆಡಲಿಲ್ಲ. ಆಡಬೇಕಾದ್ದನ್ನೆಲ್ಲ ಮುಂದಿನ ನಾಲ್ಕು ವರ್ಷ ನನ್ನ ಹತ್ತಿರ ಆಡಿದರು.

ಯುದ್ಧದ ಕಾಲ ಅದು. ದಂಡಿನ, ಅಂದರೆ ಕಂಟೋನ್ಮೆಂಟಿನ ತುಂಬ ಸೋಲ್ಜರುಗಳು, ಲಾರಿಗಳು. ನಮ್ಮ ಮಾವನದು ಜಟಕಾಗಾಡಿಯ ಚಕ್ರಗಳಿಗೆ ಕಬ್ಬಿಣದ ಪಟ್ಟಿ ಕಟ್ಟುವ ಕಾರ್ಖಾನೆ. ಮನೆಯ ಮುಂಭಾಗದಲ್ಲೇ ಕುಲುಮೆ, ಇಬ್ಬರು ಕೆಲಸದಾಳುಗಳು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಮಾವ, ನನ್ನ ಗಂಡ, ನಾನು, ಮೂವರೇ. ಮಾವ ನನ್ನನ್ನು ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. “ಕುಳ ಬಡಿಯೋನ ಮಗಳು” ಅನ್ನುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೆ, “ಕುಳ ಬಡಿಯೋನ ಮಗಳಲ್ವಾ, ನಾಲ್ಗೆ ಎಲ್ಲಿಂದ ಬರ್ಬೇಕು” ಅನ್ನುವರು. ಉಪ್ಪು ಸರಿಯಿದ್ದರೆ ಏನೂ ಅನ್ನದೆ ಕೈ ತೊಳೆಯುವರು. ಯುಗಾದಿಗೆ, ಗೌರಿಗೆ ಕರೆಯಲು ಬಂದ ಅಪ್ಪನನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ನಾಲ್ಕು ವರ್ಷದಲ್ಲಿ ನನ್ನನ್ನು ಒಮ್ಮೆಯೂ ತವರಿಗೆ ಕಳಿಸಲಿಲ್ಲ. ನನ್ನ ಗಂಡ ಒಳ್ಳೆಯವರು. ಆದರೆ ತಮ್ಮ ತಂದೆ ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದರು. ನಾನು ಅಳುತ್ತಿರಲಿಲ್ಲ. ಪಾತ್ರೆ ತಿಕ್ಕುವಾಗ ಹಲ್ಲು ಕಚ್ಚಿ ತಿಕ್ಕುತ್ತಿದ್ದೆ, ತಾಮ್ರದ ಬಿಂದಿಗೆ ತೆಳ್ಳಗಾಗುವಷ್ಟು.

ಸ್ವಾತಂತ್ರ್ಯ ಬಂದ ವರ್ಷ ನಮ್ಮ ಬೀದಿಯಲ್ಲಿ ಸಾರಿದರು. ಮನೆಯಲ್ಲಿ ಕತ್ತಿ, ಬಂದೂಕು ಇಟ್ಟುಕೊಂಡವರೆಲ್ಲ ಠಾಣೆಗೆ ಬಂದು ಬರೆಸಿ ಹೋಗಬೇಕು ಅಂತ. ಎಲ್ಲೆಲ್ಲೂ ಗಲಾಟೆಯ ಸುದ್ದಿ ಇದ್ದ ದಿನಗಳು ಅವು. ಮಾವ ಖುಷಿಯಿಂದಲೇ ಹೋದರು. ಸರ್ಕಾರದ ಪುಸ್ತಕದಲ್ಲಿ ಮುತ್ತಜ್ಜನ ಕಥೆ ದಾಖಲಾಗುತ್ತದೆಂದು ಅವರ ಎಣಿಕೆ. ಗಂಡನ ಕೈಯಲ್ಲಿ ಅರ್ಜಿ ಬರೆಸಿ, ಪೇಟ ಸುತ್ತಿಕೊಂಡು, ಪೆಟ್ಟಿಗೆ ಹೊರಿಸಿಕೊಂಡು ಹೋದರು.

ಅಲ್ಲಿ ನಡೆದದ್ದನ್ನು ಗಂಡ ನನಗೆ ಆಮೇಲೆ ಹೇಳಿದರು. ಇನ್ಸ್‌ಪೆಕ್ಟರು ಕತ್ತಿಯ ಮೇಲಿನ ಎಣ್ಣೆ, ಕುಂಕುಮವನ್ನೆಲ್ಲ ಒಂದು ಚಿಂದಿಯಿಂದ ಒರೆಸಿಬಿಟ್ಟರಂತೆ. ಹಿಡಿಯ ಹತ್ತಿರ ಚುಕ್ಕಿ ಚುಕ್ಕಿಯಾಗಿ ಕೊರೆದದ್ದೊಂದು ಸಾಲು ಕಂಡಿತು. ನಮ್ಮ ಮನೆಯಲ್ಲಿ ಅದನ್ನು ಬಳ್ಳಿಯ ಚಿತ್ತಾರ ಅಂದುಕೊಂಡಿದ್ದರು.

“ಇದು ಪಾರ್ಸಿ ಅಕ್ಷರ ಕಣ್ರೀ,” ಅಂದರಂತೆ ಇನ್ಸ್‌ಪೆಕ್ಟರು. “ನಿಮ್ಮ ಮುತ್ತಜ್ಜ ಮಾಡಿದ್ದು ಅಂತ ಬರ್ದಿದೀರಾ. ನಿಮ್ಮ ಮುತ್ತಜ್ಜಂಗೆ ಪಾರ್ಸಿ ಬರ್ತಿತ್ತೇನ್ರೀ?”

ಠಾಣೆಯಲ್ಲಿದ್ದವರೆಲ್ಲ ನಕ್ಕರಂತೆ.

“ಯಾರ ಮನೇದೋ, ಯಾವ ದರ್ಗಾದ್ದೋ, ನಂಗೇನ್ ಗೊತ್ತು? ಹದಿನೈದು ದಿನ ಕೊಡ್ತೀನಿ. ಎಲ್ಲಿಂದ್ ಬಂತು ಅಂತ ಸರಿಯಾಗಿ ಬರ್ಕೊಂಡ್ ಬನ್ನಿ. ಇಲ್ದಿದ್ರೆ ಇಲ್ಲೇ ಬಿಟ್ಟೋಗ್ಬೇಕಾಗುತ್ತೆ.”

ಮಾವ ಮನೆಗೆ ಬಂದು ಪೇಟವನ್ನು ಮೂಲೆಗೆ ಎಸೆದರು. ಆ ದಿನ ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಕೆಲಸದಾಳುಗಳ ಮುಂದೆ, “ಶುಕ್ರವಾರ ಸಾಣೆಗೆ ಹಿಡಿದು ಆ ಅಕ್ಷರ ತೇದ್ಹಾಕ್ಬಿಡ್ತೀನಿ. ಅಕ್ಷರಾನೇ ಇಲ್ದಿದ್ರೆ ಯಾರು ಕೇಳ್ತಾರೆ?” ಅಂದದ್ದು ಅಡುಗೆಮನೆಗೆ ಕೇಳಿಸಿತು.

ಗುರುವಾರ ಮಾವ, ಗಂಡ ಇಬ್ಬರೂ ಚಕ್ರಕ್ಕೆ ಮರ ನೋಡಲು ಹೋದಾಗ ನಾನು ಪೆಟ್ಟಿಗೆ ತೆಗೆದೆ. ಆ ಕತ್ತಿಯನ್ನು ಹೆಂಗಸರು ಮುಟ್ಟಬಾರದು ಎಂಬ ಕಟ್ಟಳೆ ಇತ್ತು. ಮುಟ್ಟಿದೆ. ಬಳೆಗಾರ ಬಳೆ ಸುತ್ತಿ ಕೊಟ್ಟಿದ್ದ ತೆಳು ಕಾಗದವನ್ನು ಅಲಗಿನ ಮೇಲಿಟ್ಟು ಇದ್ದಲಿನಿಂದ ಮೆಲ್ಲಗೆ ಉಜ್ಜಿದೆ. ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ಎದ್ದವು. ತಿರುಗಿಸಿದೆ. ಇನ್ನೊಂದು ಬದಿಯಲ್ಲಿ ಎರಡು ಅರ್ಧಚಂದ್ರ, ಒಂದಕ್ಕೊಂದು ಬೆನ್ನು ಹಾಕಿದವು, ಒಂದೊಂದರಲ್ಲೂ ಮನುಷ್ಯನ ಮೂಗು ಬಾಯಿ. ಅದನ್ನೂ ಉಜ್ಜಿಕೊಂಡೆ. ಹಿಡಿ ಮಾತ್ರ ನಮ್ಮ ಗುಡಿಯ ಕಂಬಗಳ ಹಾಗಿತ್ತು. ಯಾಳಿಯ ಮುಖ, ಮೇಲೆ ತಟ್ಟೆಯಂಥ ಗುಬುಟು.

ಕತ್ತಿಯ ಮೇಲಿನ ಪ್ರೀತಿಯಿಂದ ಇದನ್ನು ಮಾಡಿದೆ ಎಂದರೆ ಸುಳ್ಳಾದೀತು. ಮಾವ ತೇಯಬೇಕೆಂದಿದ್ದರು, ಅದಕ್ಕೇ ಅದು ಉಳಿಯಬೇಕಿತ್ತು. ಅವರದು ತಪ್ಪು ಎಂದು ಯಾರಾದರೂ ಬರೆದುಕೊಟ್ಟರೆ ಅದನ್ನು ಅವರ ಎಲೆಯ ಮೇಲೆ ಬಡಿಸಬೇಕೆಂದಿದ್ದೆ.

ಚಿಕ್ಕವಳಿದ್ದಾಗ ಅಪ್ಪನ ಜೊತೆ ಹಳೇ ಕಬ್ಬಿಣ ತರಲು ಈಗ ಶಿವಾಜಿನಗರ ಎನ್ನುವ ಕಡೆಗೆ ಹೋಗುತ್ತಿದ್ದೆ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಸಿಕಲಿಗಾರನಿದ್ದ. ಕತ್ತಿ, ಬಾಕುಗಳನ್ನು ಉಜ್ಜಿ ಹೊಳಪು ಕೊಡುವುದು ಅವರ ಮನೆತನದ ಕಸುಬು. ತರಕಾರಿಯ ನೆಪ ಹೇಳಿ ಅಲ್ಲಿಗೆ ನಡೆದೆ. ಸಿಕಲಿಗಾರ ಮುದುಕನಾಗಿದ್ದ. ಸಾಣೆಯ ಧೂಳಿಗೆ ಒಂದು ಕಣ್ಣು ಹೋಗಿತ್ತು. ಬಾಗಿಲಲ್ಲಿ ನನ್ನ ಕುಂಕುಮ ನೋಡಿ ಅವನ ಮುಖ ಗಂಟಿಕ್ಕಿತು.

“ಕ್ಯಾ ಹೋನಾ? ಏನ್ ಬೇಕು?”

ಕಾಗದ ಬಿಚ್ಚಿ ತೋರಿಸಿದೆ. ಅವನು ತೆಗೆದುಕೊಳ್ಳಲಿಲ್ಲ.

“ಯಾರು ಕಳ್ಸಿದ್ದು? ಪೊಲೀಸಾ?”

“ಯಾರೂ ಕಳಿಸಿಲ್ಲ. ನಮ್ಮ ಮನೇದು. ನಾಳೆ ನಮ್ಮಾವ ತೇದ್ಹಾಕ್ತಾರೆ.”

“ತೇಯ್ಲಿ. ಇವತ್ತು ಎಲ್ರೂ ಅದೇ ಮಾಡ್ತಿದಾರೆ. ನಮ್ದು ಕಂಡ್ರೆ ಅವ್ರು ತೇಯ್ತಾರೆ, ಅವ್ರದ್ದು ಕಂಡ್ರೆ ನಮ್ಮೋರು ತೇಯ್ತಾರೆ. ಕಾಯ್ಕು? ನನ್ ಮನೆ ಬಾಗ್ಲಿಗೆ ಯಾಕ್ ಬಂದೆ?”

“ಓದೋಕ್ ಬರೋರು ಬೇರೆ ಯಾರೂ ಗೊತ್ತಿಲ್ಲ,” ಅಂದೆ. “ಬೇಡಾಂದ್ರೆ ಹೋಗ್ತೀನಿ.”

ಅವನು ಕೈ ಚಾಚಿ ಕಾಗದ ಕಿತ್ತುಕೊಂಡ. ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ಓದತೊಡಗಿದ. ಕಸುಬಿನವನಿಗೆ ಸಿಟ್ಟಿಗಿಂತ ಕಸುಬು ದೊಡ್ಡದು.

“ಸಿಲಾಖಾನಾ,” ಅಂದ. “ಅಂದ್ರೆ ಆಯುಧದ ಉಗ್ರಾಣ. ಇದು ರಾಜನ ಹೆಸ್ರೂ ಅಲ್ಲ, ಖುರಾನಿನ ಮಾತೂ ಅಲ್ಲ. ಉಗ್ರಾಣದ ಗುರ್ತು. ಊರಿನ ಹೆಸ್ರು ಸವ್ದೋಗಿದೆ. ಇದು ನಂಬರು. ನೂರಾ ಹದಿನೇಳು.”

“ನೂರಾ ಹದಿನೇಳು ಅಂದ್ರೆ?”

“ಇದ್ರ ಪಕ್ಕ ಇಂಥವು ಇನ್ನೂ ನೂರಾ ಹದಿನಾರು ನಿಂತಿದ್ವು ಅಂತ.”

ಆಮೇಲೆ ಇನ್ನೊಂದು ಕಾಗದ ನೋಡಿದ. ಅರ್ಧಚಂದ್ರಗಳನ್ನು ನೋಡಿದ ಕೂಡಲೆ ತಲೆ ಆಡಿಸಿದ. “ಫಿರಂಗಿಯೋರ್ದು. ಅಲಗು ಹಡಗಲ್ಲಿ ಬಂದಿದ್ದು. ಬಿಳಿಯೋರ ದೇಶದ್ದು. ಹಿಂಗೆ ಬರೀ ಅಲಗು ಕಟ್ಟು ಕಟ್ಟಾಗಿ ಬರ್ತಿತ್ತು, ಇಲ್ಲಿಯೋರು ಹಿಡಿ ಹಾಕ್ಕೊಳ್ಳೋರು. ಹಿಡಿ ಹೆಂಗಿದೆ?”

ಯಾಳಿಯ ಮುಖದ ಬಗ್ಗೆ ಹೇಳಿದೆ.

“ಅದು ನಿಮ್ಮೋರ್ದು. ಆದ್ರೆ ನೋಡ್ದೆ ನಾನು ಹೇಳಲ್ಲ. ಹಿಡಿ ಒಳಗೆ ಅರಗು ತುಂಬಿರ್ತಾರೆ. ಕಾಯ್ಸಿ ಅರಗು ಕರಗ್ಸಿದ್ರೆ ಹಿಡಿ ಒಳಗೆ ಸೇರ್ಕೊಂಡಿರೋ ಅಲಗಿನ ಬಾಲ ಹೊರಗ್ ಬರುತ್ತೆ. ಯಾವನು ಏನ್ ಮಾಡಿದಾನೆ ಅಂತ ಬಾಲ ಹೇಳುತ್ತೆ. ಹಿಡಿ ಸುಳ್ಳು ಹೇಳುತ್ತೆ, ಬಾಲ ಹೇಳಲ್ಲ.”

“ಒಂದ್ಸಲ ಬಂದು ನೋಡ್ತೀರಾ?”

ಅವನು ನಕ್ಕ. ಒಳ್ಳೆಯ ನಗೆಯಲ್ಲ. “ಈ ದಿನದಲ್ಲಿ ನಾನು ಹಲಸೂರಿಗೆ ಬಂದು ನಿಮ್ಮಾವನ ಕತ್ತಿ ಕೈಯಲ್ಲಿ ಹಿಡೀಲಾ? ಹೋಗಮ್ಮ. ಇನ್ನೊಂದ್ಸಲ ಬರ್ಬೇಡ.”

ಸಂಜೆ ಮಾವ ಕಾಫಿಗೆ ಕೂತಾಗ ಎಲ್ಲವನ್ನೂ ಹೇಳಿದೆ. ಕಾಗದಗಳನ್ನು ಮುಂದಿಟ್ಟೆ. ಉಗ್ರಾಣ, ನಂಬರು, ಹಡಗು, ಒಂದನ್ನೂ ಬಿಡಲಿಲ್ಲ. ನೂರಾ ಹದಿನೇಳು ಎಂಬುದನ್ನು ಬೇಕೆಂದೇ ಎರಡು ಸಲ ಹೇಳಿದೆ.

ಮಾವ ಲೋಟ ಕೆಳಗಿಟ್ಟರು. “ಕತ್ತಿ ಮುಟ್ಟಿದ್ಯಾ?”

“ಮುಟ್ಟಿದೆ.”

“ಮನೆ ಮಾನ ತಗೊಂಡ್ಹೋಗಿ ಮಾರ್ಕೆಟ್ ಗಲ್ಲೀಲಿ ಹರಡಿ ಬಂದ್ಯಾ?”

“ಮಾನ ಠಾಣೇಲೇ ಹೋಗಿದೆ ಮಾವ. ಅಕ್ಷರ ತೇಯ್ಬೇಡಿ. ತೇದ್ರೆ ಕದ್ದಿದ್ದು ಅಂತ ಒಪ್ಕೊಂಡ ಹಾಗಾಗುತ್ತೆ.”

ಅವರು ಎರಡೂ ಕಾಗದಗಳನ್ನು ಮುದುರಿ ಕುಲುಮೆಯ ಕೆಂಡಕ್ಕೆ ಹಾಕಿದರು. ನನ್ನ ಕಡೆ ತಿರುಗಲೂ ಇಲ್ಲ, ಮಗನಿಗೆ ಹೇಳಿದರು. “ಇವಳನ್ನ ಇವಳಪ್ಪನ ಮನೆಗೆ ಬಿಟ್ಟು ಬಾ. ವಾಪಸ್ ಕರ್ಕೊಂಡ್ ಬರ್ಬೇಡ.”

ನಾಲ್ಕು ವರ್ಷ ಕೇಳಿಕೊಂಡರೂ ಸಿಗದ ತವರು ಹೀಗೆ ಸಿಕ್ಕಿತು. ಮಾರನೆಯ ಬೆಳಿಗ್ಗೆ ನಾವಿಬ್ಬರೂ ಹಳೇ ಮದ್ರಾಸು ರಸ್ತೆಯ ಬಸ್ಸು ಹತ್ತಿದೆವು. ಕೃಷ್ಣರಾಜಪುರದಲ್ಲಿ ಇಳಿಯುವಾಗ ಅವರು, “ಅಪ್ಪ ಇವತ್ತು ಸಾಣೆ ಹಿಡಿಯೋದಿಲ್ಲ. ಸಾಣೆಕಲ್ಲು ಬಿಚ್ಚಿ ಇಟ್ಟು ಬಂದಿದೀನಿ,” ಅಂದರು. ಅವರು ಜೀವನದಲ್ಲಿ ಮೊದಲ ಸಲ ತಂದೆಗೆ ಎದುರಾಗಿದ್ದರು, ಅದೂ ಕದ್ದು. ನನಗೆ ನಗು ಬಂತು, ಅಳುವೂ ಬಂತು.

ಅಪ್ಪ ಕುಲುಮೆಯ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಅವನ ಮುಖದಲ್ಲಿ ಗೆಲುವಿನ ಕಳೆ ಕಂಡಿತು. ಅದನ್ನು ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಉಕ್ಕಿತು.

“ಆವತ್ತು ಯಾಕಪ್ಪ ಆ ಮಾತು ಆಡ್ದೆ? ನಾನು ಆ ಮನೇಲಿ ಬಾಳ್ಬೇಕು ಅಂತ ಗೊತ್ತಿರ್ಲಿಲ್ವಾ?”

“ಸುಳ್ಳು ಹೇಳ್ಬೇಕಿತ್ತಾ ಮಗಾ?”

“ಸುಮ್ನೆ ಇರ್ಬಹುದಿತ್ತು. ನೀನು ಒಂದು ಮಾತು ಆಡಿ ಬಸ್ಸು ಹತ್ತಿ ಬಂದ್ಬಿಟ್ಟೆ. ಆ ಮಾತಿನ ಜೊತೆ ನಾಲ್ಕು ವರ್ಷ ಇದ್ದೋಳು ನಾನು. ನಿಂಗೆ ಕಬ್ಬಿಣ ದೊಡ್ಡದಾಯ್ತು.”

ಅಪ್ಪ ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟ. ತಪ್ಪಾಯಿತು ಎನ್ನಲಿಲ್ಲ. ಅವನು ಹಾಗೆ ಅನ್ನುವ ಮನುಷ್ಯನೇ ಅಲ್ಲ. ಎದ್ದು, ಹೆಗಲ ಮೇಲೆ ಟವಲು ಹಾಕಿಕೊಂಡು, ನನ್ನ ಗಂಡನಿಗೆ, “ನಡೀರಿ ಅಳಿಯಂದ್ರೆ. ಬಾಲ ನೋಡ್ಬಿಡಾನ,” ಅಂದ.

ನಾವು ಮೂವರೂ ಹಲಸೂರಿಗೆ ಬಂದಾಗ ಮಧ್ಯಾಹ್ನ. ಕಾರ್ಖಾನೆಯ ಮುಂದೆ ಇಬ್ಬರು ಜಟಕಾದವರು ಚಕ್ರಕ್ಕಾಗಿ ಕಾದು ನಿಂತಿದ್ದರು. ಮಾವ ಸುತ್ತಿಗೆ ಹಿಡಿದೇ ಎದ್ದರು.

“ಹೊಸ್ತಿಲು ತುಳೀಬೇಡ.”

“ತುಳಿಯಾಕಿಲ್ಲ,” ಅಂದ ಅಪ್ಪ. ಬೀದಿಯಲ್ಲೇ ನಿಂತ. “ನೀವೂ ಕಮ್ಮಾರಿಕೆಯೋರು, ನಾನೂ ಕಮ್ಮಾರಿಕೆಯೋನು. ಹಿಡಿ ಬಿಚ್ಚಿ. ನಾನು ಮುಟ್ಟಾಕಿಲ್ಲ, ನಿಮ್ಮ ಕುಲುಮೆ, ನಿಮ್ಮ ಕೈ. ಬಾಲ ನಮ್ಮ ಕಬ್ಬಿಣವಾಗಿದ್ರೆ ಇಲ್ಲೇ ನಿಮ್ಮ ಕಾಲಿಗೆ ಬೀಳ್ತೀನಿ. ಆಗ್ದೆ ಇದ್ರೆ ನೀವು ನನ್ ಕಾಲಿಗೆ ಬೀಳೋದು ಬೇಡ. ನನ್ ಮಗಳನ್ನ ಹಂಗಿಸೋದು ನಿಲ್ಸಿ.”

ಜಟಕಾದವರು ಹತ್ತಿರ ಬಂದರು. ಕೆಲಸದಾಳುಗಳು ತಿದಿ ಒತ್ತುವುದು ಬಿಟ್ಟು ನೋಡುತ್ತಿದ್ದರು. ನಾಲ್ಕು ಜನರ ಎದುರು ಹಾಕಿದ ಸವಾಲು, ಮಾವನಿಗೆ ಹಿಂಜರಿಯಲು ದಾರಿಯಿರಲಿಲ್ಲ. ಪೆಟ್ಟಿಗೆ ತರಿಸಿದರು. ಬಟ್ಟೆ ಬಿಚ್ಚಿದರು. ಹಿಡಿಯನ್ನು ಕೆಂಡದ ಮೇಲೆ, ತಾಗಿಯೂ ತಾಗದ ಹಾಗೆ ಹಿಡಿದು ತಿರುಗಿಸಿದರು. ಅವರ ಕೆಲಸವನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಒಳ್ಳೆಯ ಕೆಲಸಗಾರ. ಅದನ್ನು ಒಪ್ಪಿಕೊಳ್ಳಬೇಕಾದದ್ದಕ್ಕೂ ನನಗೆ ಕೋಪ ಬಂತು.

ಅರಗು ಕರಗಿ ಕಮಟು ವಾಸನೆ ಎದ್ದಿತು. ಕಪ್ಪು ಹನಿಗಳು ಬೂದಿಗೆ ಬಿದ್ದವು. ಮಾವ ಅಲಗನ್ನು ಇಕ್ಕಳದಲ್ಲಿ ಹಿಡಿದು ಹಿಡಿಯನ್ನು ಮೆಲ್ಲಗೆ ತಟ್ಟಿದರು. ಹಿಡಿ ಕಳಚಿಕೊಂಡಿತು. ಬಾಲ ಹೊರಗೆ ಬಂತು.

ಮಾವ ಅದನ್ನು ಒರೆಸಿ ಬೆಳಕಿಗೆ ಹಿಡಿದರು. ಅಪ್ಪ ಗೊತ್ತಿಲ್ಲದೆಯೇ ಹೊಸ್ತಿಲು ದಾಟಿ ಪಕ್ಕಕ್ಕೆ ಬಂದಿದ್ದ. ಮಾವನಿಗೂ ಅದರ ಪರಿವೆ ಇರಲಿಲ್ಲ. ಇಬ್ಬರು ಮುದುಕರೂ ಆ ತುಂಡು ಕಬ್ಬಿಣದ ಮೇಲೆ ತಲೆಗೆ ತಲೆ ತಾಗುವ ಹಾಗೆ ಬಗ್ಗಿದ್ದರು. ಬಾಲದ ಮೊದಲ ಅರ್ಧ ನುಣುಪಾಗಿ, ಬೂದುಬಣ್ಣಕ್ಕಿತ್ತು, ಅಲಗಿನ ಕಬ್ಬಿಣವೇ. ಅಲ್ಲಿಂದ ಮುಂದಕ್ಕೆ ಬೇರೆ ಕಬ್ಬಿಣ. ಕಪ್ಪಗೆ, ಎಳೆ ಎಳೆಯಾಗಿ, ನನ್ನ ಅಪ್ಪ ಕುಳಕ್ಕೆ ಬಳಸುವಂಥದ್ದು. ಎರಡನ್ನೂ ಕುಲುಮೆಯಲ್ಲಿ ಕಾಯಿಸಿ ಬೆಸೆದಿದ್ದರು. ಹಡಗಿನಲ್ಲಿ ಬಂದ ಅಲಗಿನ ಬಾಲ ನಮ್ಮ ಹಿಡಿಗೆ ಗಿಡ್ಡವಾಗಿತ್ತು. ಯಾರೋ ನಮ್ಮ ಕಡೆಯ ಕಮ್ಮಾರ ಅದನ್ನು ಉದ್ದ ಮಾಡಿದ್ದ.

“ಬೆಸುಗೆ ನೋಡಿ ಬೀಗರೆ,” ಅಂದ ಅಪ್ಪ. ದನಿ ಬದಲಾಗಿತ್ತು. “ಕೂದ್ಲು ತೂರಾಕಿಲ್ಲ. ಪರದೇಶದ ಕಬ್ಬಿಣಕ್ಕೆ ನಮ್ಮದನ್ನ ಹಿಂಗೆ ಬೆಸಿಯಾದು ನನ್ ಕೈಲಿ ಆಗಾಕಿಲ್ಲ. ಇದನ್ನ ಮಾಡಿದೋನು ನಿಮ್ಮ ಮುತ್ತಜ್ಜನೇ ಇದ್ರೂ ಇರ್ಬೋದು.”

ಮಾವ ತಲೆ ಎತ್ತಿದರು. ಅಪ್ಪ ನಿಂತಿದ್ದ ಜಾಗ ಕಣ್ಣಿಗೆ ಬಿತ್ತು.

“ಇರ್ಬೋದು ಅಂತೀಯಾ? ನೀನು ನಂಗೆ ಭಿಕ್ಷೆ ಹಾಕ್ತೀಯಾ?”

“ಭಿಕ್ಷೆ ಅಲ್ಲ—”

“ನಮ್ಮ ಮುತ್ತಜ್ಜ ಬಾಲ ಕಟ್ಟಿದ ಅಂತ ಹೇಳ್ಕೊಂಡು ತಿರುಗ್ಲಾ ನಾನು? ಹೊರಗೆ ನಡಿ!”

ಅಪ್ಪ ಹೊರಗೆ ನಡೆದ. ಆದರೆ ಬೀದಿಯಲ್ಲಿ ನಿಂತು ಮತ್ತೆ, “ನನ್ ಮಗಳ ಮಾತು?” ಅಂದ. ಮಾವ ಅಲಗನ್ನು ಒಂದು ಕಡೆ, ಹಿಡಿಯನ್ನು ಒಂದು ಕಡೆ ಎಸೆದು ಹಿತ್ತಿಲಿಗೆ ಹೋದರು. ಅಪ್ಪ ಊರಿಗೆ ಹೊರಟ, ನಾನು ಗಂಡನ ಹಿಂದೆ ಮನೆಯೊಳಗೆ ಹೋದೆ. ಆ ದಿನದಿಂದ ಅವರು ನನ್ನನ್ನು ಹಂಗಿಸಲಿಲ್ಲ, ಏಕೆಂದರೆ ಆ ದಿನದಿಂದ ನನ್ನ ಹತ್ತಿರ ಮಾತೇ ಆಡಲಿಲ್ಲ.

ಗಡುವಿನ ದಿನ ಠಾಣೆಗೆ ಗಂಡ ಒಬ್ಬರೇ ಹೋದರು. ಅವರೇ ಬರೆದ ಅರ್ಜಿಯಲ್ಲಿ ಅಲಗು ಪರದೇಶದ್ದು, ಅಕ್ಷರ ಯಾವುದೋ ಆಯುಧದ ಉಗ್ರಾಣದ್ದು, ಹಿಡಿ ಮತ್ತು ಬೆಸುಗೆ ಈ ನಾಡಿನವರದ್ದು, ಮನೆಗೆ ಹೇಗೆ ಬಂತೋ ತಿಳಿಯದು, ಎಂದಿತ್ತು. ಕೊನೆಯ ಮಾತನ್ನು ಬರೆಯಲು ಅವರಿಗೆ ಅರ್ಧ ದಿನ ಹಿಡಿದಿತ್ತು. ಇನ್ಸ್‌ಪೆಕ್ಟರು ಓದಿ, ಚೀಲದಲ್ಲಿದ್ದ ಎರಡು ತುಂಡುಗಳನ್ನು ನೋಡಿ, “ಹಿಡಿ ಇಲ್ದೆ ಇದೇನ್ ಕತ್ತೀರೀ? ಕಬ್ಬಿಣದ ಪಟ್ಟಿ. ಮನೇಲೇ ಇಟ್ಕೊಳ್ಳಿ, ಆದ್ರೆ ಜೋಡಿಸ್ಬೇಡಿ,” ಅಂದು ಕಳಿಸಿದರಂತೆ.

ಮಾತಿಲ್ಲದ ಆ ಮನೆ ಹಂಗಿಸುವ ಮನೆಗಿಂತ ಕಷ್ಟದ್ದು. ನಾನು ಬಡಿಸಿದ ಎಲೆಯನ್ನು ಮಾವ ತಳ್ಳಿ ಎದ್ದು ಹೋಗಿ ಹೊರಗೆ ಇಡ್ಲಿ ತಿಂದು ಬರುತ್ತಿದ್ದರು. ನಾನೂ ಹಠಕ್ಕೆ ಬಿದ್ದು ದಿನವೂ ಬಡಿಸುತ್ತಿದ್ದೆ. ಎರಡು ತಿಂಗಳು ಹೀಗೆ ನಡೆಯಿತು. ಕೊನೆಗೆ ಒಂದು ಬೆಳಿಗ್ಗೆ ಗಂಡನೇ, “ಬೇರೆ ಮನೆ ನೋಡಿದೀನಿ ಕಣೇ,” ಅಂದರು. ರಿಚರ್ಡ್ಸ್ ಟೌನಿನ ಹಿಂಭಾಗದಲ್ಲಿ, ಎರಡು ಕೋಣೆ, ಹೊರಗೆ ನಲ್ಲಿ. ಗಂಡ ಒಂದು ಮೋಟಾರು ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದರು. ಮಾವ ತಡೆಯಲಿಲ್ಲ. ಹೋಗಿ ಎಂದೂ ಅನ್ನಲಿಲ್ಲ.

ಉಳಿದಿದ್ದ ರುಬ್ಬುವ ಕಲ್ಲು ಮತ್ತು ನನ್ನ ಟ್ರಂಕು ತರಲು ಸುಮಾರು ಒಂದು ವರ್ಷದ ಮೇಲೆ ಹಲಸೂರಿಗೆ ಹೋದೆವು. ಕಾರ್ಖಾನೆಯಲ್ಲಿ ಹೊಸ ಗಿರಾಕಿಯೊಬ್ಬ ಕೂತಿದ್ದ. ಗೋಡೆಯ ಮೇಲೆ ಅಲಗು, ಅದರ ಕೆಳಗೆ ಹಿಡಿ, ಬೇರೆ ಬೇರೆ ಮೊಳೆಗಳಲ್ಲಿ ತೂಗುತ್ತಿದ್ದವು. ಅಕ್ಷರದ ಮೇಲೆ ಎಣ್ಣೆಯಿರಲಿಲ್ಲ, ಚೆನ್ನಾಗಿ ಕಾಣುತ್ತಿತ್ತು. ಇದೇನು ಎಂದು ಅವನು ಕೇಳಿರಬೇಕು. ನಾನು ಬಾಗಿಲಿಗೆ ಬರುವ ಹೊತ್ತಿಗೆ ಮಾವ ಹೇಳುತ್ತಿದ್ದರು.

“ಹಡಗಲ್ಲಿ ಬಂದ ಅಲಗು ಸ್ವಾಮಿ, ಬಿಳಿಯೋರ ಕಬ್ಬಿಣ. ನೂರಾ ಹದಿನೇಳು ಬಂದಿದ್ವು. ಒಂದಕ್ಕೂ ಹಿಡಿ ಕೂರ್ಸೋಕೆ ಆ ಉಗ್ರಾಣದೋರ ಕೈಲಿ ಆಗ್ಲಿಲ್ಲ. ಬಾಲ ಗಿಡ್ಡ. ಕೊನೆಗೆ ನಮ್ಮ ಮುತ್ತಜ್ಜನ್ನ ಕರೆಸಿದ್ರು. ಈ ಬೆಸುಗೆ ನೋಡಿ, ಕೂದ್ಲು ತೂರುತ್ತಾ ನೋಡಿ!”

ನನ್ನನ್ನು ಕಂಡರು. ನಿಲ್ಲಿಸಲಿಲ್ಲ. ದನಿಯನ್ನು ಇನ್ನಷ್ಟು ಎತ್ತರಿಸಿ, ಮುತ್ತಜ್ಜನಿಗೆ ಉಗ್ರಾಣದವರು ಪಲ್ಲಕ್ಕಿ ಕಳಿಸಿದ್ದನ್ನು ಹೇಳತೊಡಗಿದರು. ನನ್ನ ಇದ್ದಲು, ಸಿಕಲಿಗಾರನ ಒಂದು ಕಣ್ಣು, ನನ್ನ ಅಪ್ಪನ ಮಾತು, ಮೂರೂ ಅವರ ಬಾಯಲ್ಲಿ ಅವರದೇ ಆಗಿಹೋಗಿದ್ದವು. ಗಿರಾಕಿ ಬಾಯಿ ಬಿಟ್ಟು ಕೇಳುತ್ತಿದ್ದ. ನನಗೆ ಕಿವಿ ಬಿಸಿಯಾಯಿತು. ಆ ಬಿಸಿ ಇಂದಿಗೂ ಪೂರ್ತಿ ಆರಿಲ್ಲ.

ಒಳಗೆ ಹೋಗಿ ಟ್ರಂಕು ಎಳೆದು ತಂದೆ. ರುಬ್ಬುವ ಕಲ್ಲನ್ನು ಗಂಡ ಮತ್ತು ಕೆಲಸದಾಳು ಸೇರಿ ಎತ್ತಿದರು. ಬಾಡಿಗೆಗೆ ತಂದಿದ್ದ ಜಟಕಾ ಒಂದು ಕಡೆಗೆ ವಾಲಿತು. ಗಾಡಿಯವನು ನನ್ನನ್ನು ಇನ್ನೊಂದು ಕಡೆ ಕೂರಿಸಿ ಭಾರ ಸರಿಮಾಡಿಕೊಂಡು ಕುದುರೆಯನ್ನು ಕೆರೆಯ ರಸ್ತೆಗೆ ತಿರುಗಿಸಿದ.